ಐದಕ್ಕೆ ಮೂರು

ಮಾರ್ಚ್ ೪

ಪ್ರಿಯ ಗುಬ್ಬಿ,

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಮಾಡು. ಅಂಚೆಯವರನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾವ ಕಂಪನಿಯೂ ಕಂಡುಹಿಡಿದಿಲ್ಲ. ದಿನವಿಡೀ ಗುಂಡಿ ಹೊಲಿಯುವ ನಿನ್ನ ಕೈಯಲ್ಲೂ ಅದಾಗದು.

ನಡೆದದ್ದನ್ನು ನನ್ನ ಕಡೆಯಿಂದ ಒಮ್ಮೆ ಹೇಳಿಬಿಡುತ್ತೇನೆ. ಗಾರ್ಮೆಂಟ್ಸ್ ಫ್ಯಾಕ್ಟರಿಯ ಕೆಲಸ ಬಿಟ್ಟು ನೀನು ಬಟ್ಟೆ ರಿಪೇರಿಯ ಅಂಗಡಿ ತೆರೆದೆ. ನಾನು ಬಸ್ಸು ಹತ್ತಿ ಬಂದೆ, ಎದೆಯುಬ್ಬಿಸಿಕೊಂಡು ನಿನ್ನ ಮೆಟ್ಟಿಲೂ ಹತ್ತಿದೆ. ಉದ್ದವಾಗಿದ್ದ ಪ್ಯಾಂಟು ಕೊಟ್ಟೆ, ನೀನು ಮಡಿಸಿ ಹೊಲಿದುಕೊಟ್ಟೆ, ನಾನು ಹಾಕಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ 'ಹತ್ತಿರ' ಅನ್ನುವ ಆ ಆಪ್ 'ನಿಮ್ಮ ಅನುಭವ ಹೇಗಿತ್ತು?' ಎಂದು ಕೇಳಿತು. ಜೀವಮಾನವಿಡೀ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದಿದವನನ್ನು ಮೌಲ್ಯಮಾಪನಕ್ಕೆ ಕರೆದರೆ ಸುಮ್ಮನಿರುತ್ತಾನೆಯೇ? ಬರೆದೆ:

'ಹೊಲಿಗೆ ಗಟ್ಟಿ, ಎಳೆದರೂ ಬಿಚ್ಚದು. ನೂಲಿನ ಬಣ್ಣ ಬಟ್ಟೆಯೊಡನೆ ಬೆರೆತುಹೋಗಿದೆ. ಆದರೆ ಬಲಗಾಲಿನ ಮಡಿಕೆ ಎಡಗಾಲಿಗಿಂತ ಒಂದೆಳೆ ಉದ್ದ. ಕಾಯುವವರಿಗೆ ಒಂದೇ ಕುರ್ಚಿ, ಅದರ ಮೇಲೂ ಬಟ್ಟೆಯ ರಾಶಿ. ಮಾಲೀಕರು ಗಿರಾಕಿಗೆ ಮಾತು ಮುಗಿಸಲು ಬಿಡುವುದಿಲ್ಲ. ಐದಕ್ಕೆ ಮೂರು ನಕ್ಷತ್ರ.'

ಐದಕ್ಕೆ ಮೂರು, ಗುಬ್ಬಿ! ಲೆಕ್ಕ ಹಾಕು. ಶೇಕಡಾ ಅರವತ್ತು. ಪ್ರಥಮ ದರ್ಜೆ! ಒಂದಂಕದ ಸರಿಯುತ್ತರಕ್ಕೂ ಮುಕ್ಕಾಲೇ ಕೊಡುತ್ತಿದ್ದ ನನಗೆ ಹುಡುಗರು 'ಮುಕ್ಕಾಲು ಮೇಷ್ಟ್ರು' ಎಂದು ಹೆಸರಿಟ್ಟದ್ದು ಸುಮ್ಮನೆಯೇ? ನನ್ನ ಕೈಯಿಂದ ಫಸ್ಟ್ ಕ್ಲಾಸ್ ಕಿತ್ತವರು ಕಾರಿಡಾರಿನಲ್ಲಿ ಕುಣಿದದ್ದುಂಟು. ನೀನು ಕುಣಿಯುವ ಬದಲು ಕುದಿದೆ.

'ಹತ್ತಿರ' ಎಂದು ಹೆಸರಿಟ್ಟುಕೊಂಡು ಹತ್ತಿರದವರನ್ನೇ ದೂರ ಮಾಡಿತಲ್ಲ. ಆಪತ್ತಿನ ಮೊದಲರ್ಧವೇ ಆಪ್ ಎಂದು ನನಗೆ ಈಗ ತಿಳಿಯಿತು.

ಪ್ರಥಮ ದರ್ಜೆಯಲ್ಲಿ ನಿನ್ನವನೇ,
ಅಣ್ಣ

*

ಮಾರ್ಚ್ ೧೧

ಅಣ್ಣ,

'ಪ್ರಿಯ' ಅಂತ ಸೇರಿಸೋಕೆ ಸದ್ಯ ನೂಲು ಸಾಲುತ್ತಿಲ್ಲ.

ಫಸ್ಟ್ ಕ್ಲಾಸಂತೆ! ನಿನ್ನ ಫಸ್ಟ್ ಕ್ಲಾಸ್ ಟಿಕೆಟ್ ಹಿಡಿದುಕೊಂಡು ನನ್ನ ಅಂಗಡಿ ಪ್ಲಾಟ್‌ಫಾರಮ್ಮಿನಲ್ಲೇ ನಿಂತಿದೆ. ರೈಲು ಹೋಯಿತು.

ನೀನು ಮೆಟ್ಟಿಲು ಹತ್ತಿದ್ದು ಹೌದು, ಆ ಮೆಟ್ಟಿಲು ಎಲ್ಲಿದೆ ಅಂತ ನೋಡಿದೆಯಾ? ಪೇಂಟ್ ಅಂಗಡಿಯ ಹಿಂದೆ, ಹಲ್ಲಿನ ಡಾಕ್ಟರ ಕ್ಲಿನಿಕ್ ದಾಟಿ, ಮೇಲುಗಡೆ. ರಸ್ತೆಯಲ್ಲಿ ಹೋಗುವವರಿಗೆ ನನ್ನ ಬೋರ್ಡಿನ ಮೂಲೆಯೂ ಕಾಣಲ್ಲ. ಜನ ನನ್ನನ್ನು ಹುಡುಕುವುದು ಆ ಆಪ್‌ನಲ್ಲೇ. ನಾಲ್ಕಕ್ಕಿಂತ ಕಡಿಮೆ ನಕ್ಷತ್ರ ಇದ್ದವರನ್ನು ಅದು ಪಟ್ಟಿಯ ತಳಕ್ಕೆ ತಳ್ಳುತ್ತೆ. ಅಂಗಡಿಗೆ ಬಂದ ಮೊದಲನೇ ವಿಮರ್ಶೆ ನಿನ್ನದು. ಈಗ ತಳದಲ್ಲಿ ನನ್ನ ಪಕ್ಕ ನಿಂತಿರುವುದು ಬಾಗಿಲು ಮುಚ್ಚಿದ ಒಂದು ಲಾಂಡ್ರಿ. ನಕ್ಷತ್ರ ನೀನು ಕೊಟ್ಟೆ, ಗ್ರಹಚಾರ ನನ್ನದು.

ಫ್ಯಾಕ್ಟರಿ ಮ್ಯಾನೇಜರು ಫೋನ್ ಮಾಡಿದ್ದರು. "ನೋಡೀಮ್ಮ, ಚೆಕಿಂಗ್ ಟೇಬಲ್‌ನಲ್ಲಿ ನಿಮ್ಮ ಜಾಗ ಆಗಸ್ಟ್‌ವರೆಗೂ ಖಾಲಿ ಇಟ್ಟಿರ್ತೀನಿ" ಅಂದರು. ಮರ್ಯಾದೆಯಿಂದಲೇ ಅಂದರು. ಅದೇ ಚುಚ್ಚಿದ್ದು. ಇಷ್ಟು ವರ್ಷ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿದೆ. ಈಗ ನನ್ನ ಕೈಯಾರೆ ಒಂದು ಕೆಲಸ ಮಾಡಿ, ಅದಕ್ಕೆ ನನ್ನ ಹೆಸರು ಹಾಕಿದ್ದೆ. ಆಗಸ್ಟ್ ಹೊತ್ತಿಗೆ ಗಿರಾಕಿ ಬರದಿದ್ದರೆ ಮತ್ತೆ ಆ ಟೇಬಲ್ಲೇ ಗತಿ.

ಗುಬ್ಬಿ ಅಂತ ಕರೆದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಿದ್ದೀಯ. ವಾಪಸ್ ತಗೋ.

ತಳದಿಂದ,
ನಿನ್ನ ತಂಗಿ

*

ಮಾರ್ಚ್ ೨೦

ಪ್ರಿಯ ಗುಬ್ಬಿ,

ತಗೊಳ್ಳಲು ಹೋದೆ. ಅಳಿಸುವ ಸೌಲಭ್ಯವೇ ಇಲ್ಲ! 'ವಿಮರ್ಶೆ ಸಮುದಾಯದ ಆಸ್ತಿ' ಎನ್ನುತ್ತದೆ ಆಪ್. ಬರೆದವನು ನಾನು, ಹೊಲಿದವಳು ನೀನು, ಆಸ್ತಿ ಮಾತ್ರ ಅವರದು. ಕಂಪನಿಗೆ ಬರೆದರೆ 'ನಿಮ್ಮ ಕಾಳಜಿ ನಮಗೆ ಅಮೂಲ್ಯ' ಎಂದು ಉತ್ತರ ಬಂತು. ಇನ್ನೊಮ್ಮೆ ಬರೆದೆ. ಇನ್ನೊಮ್ಮೆ ಅಮೂಲ್ಯ. ಅಮೂಲ್ಯ ಎಂದರೆ ಮೂಲ್ಯವೇ ಇಲ್ಲದ್ದು ಎಂದು ಅವರು ಅರ್ಥ ಮಾಡಿಕೊಂಡಿರಬೇಕು.

ನಕ್ಷತ್ರ ಹೆಚ್ಚಿಸಬಹುದಂತೆ. ಬೆರಳನ್ನು ಐದನೆಯ ನಕ್ಷತ್ರದ ಮೇಲೆ ಇಟ್ಟೆ. ಇಟ್ಟುಕೊಂಡೇ ಕೂತೆ. ಕಾಫಿ ಆರಿತು. ಒತ್ತಲಾಗಲಿಲ್ಲ, ಗುಬ್ಬಿ. ತಂಗಿಗೆಂದು ಐದು ಒತ್ತಿದರೆ, ಅಷ್ಟು ವರ್ಷ ಪರರ ಮಕ್ಕಳಿಗೆ ಹಾಕಿದ ಅಂಕವೆಲ್ಲ ಏನಾಯಿತು? ಬೈಯಬೇಡ. ಬೈದರೂ ಕಾಗದದಲ್ಲೇ ಬೈ.

ಆದರೆ ಸುದ್ದಿ ಇದೆ, ಭಾರಿ ಸುದ್ದಿ! ಆ ಆಪ್‌ನೊಳಗೆ ವಿಮರ್ಶೆ ಬರೆಯುವವರು ಸೇರಿ ಹರಟುವ ಒಂದು ಕಟ್ಟೆ ಇದೆ. ಯಾರಿಗೂ ನಿಜವಾದ ಹೆಸರಿಲ್ಲ, ಎಲ್ಲರಿಗೂ ಅಭಿಪ್ರಾಯವಿದೆ. 'ತೂತುಜೇಬು' ಎಂಬವನು ನನ್ನ ವಿಮರ್ಶೆಯನ್ನು ಎತ್ತಿ ಹಾಕಿ, "ಈ ಆಪ್‌ನಲ್ಲಿ ನಾನು ನಂಬೋ ವಿಮರ್ಶೆ ಇದೊಂದೇ. ಒಂದೆಳೆ ಉದ್ದ ಅಂತಾನಲ್ಲ, ಅಳತೆ ಪಟ್ಟಿ ಹಿಡಿದು ಕೂತಿದ್ನಾ ಪುಣ್ಯಾತ್ಮ?" ಎಂದ. ಹಿಡಿದಿದ್ದೆ ಎಂದೆ. ಅಲ್ಲಿಂದ ಶುರು! 'ಲೆಕ್ಕದಕ್ಕ' ಎಂಬಾಕೆ ಕಂಪನಿಗಳನ್ನು ಝಾಡಿಸಿದಳು: "ಅಂಗಡಿ ಅವರದಲ್ಲ, ಸೂಜಿ ಅವರದಲ್ಲ, ಬೆವರು ಅವರದಲ್ಲ, ಕಮಿಷನ್ ಮಾತ್ರ ಅವರದು!" ತೂತುಜೇಬು ಬಿಡಲಿಲ್ಲ: "ಅವರಿಲ್ದಿದ್ರೆ ಆ ಮೂಲೆ ಅಂಗಡಿ ನಿಂಗೆ ಗೊತ್ತಾಗ್ತಿತ್ತೇನಕ್ಕಾ?" ಇಬ್ಬರೂ ಸರಿ ಎಂದು ನಾನು ತೀರ್ಪಿತ್ತೆ. ಇಬ್ಬರೂ ಸೇರಿ ನನ್ನನ್ನು ಬೈದರು. ಎಷ್ಟು ವರ್ಷವಾಗಿತ್ತು ನನ್ನನ್ನು ಯಾರಾದರೂ ತರಗತಿಯಲ್ಲಿ ಎದುರಿಸಿ!

ಹುರುಪು ಹತ್ತಿ ಊರಿಗೆಲ್ಲ ಅಂಕ ಹಾಕುತ್ತಿದ್ದೇನೆ. ಕ್ಷೌರದಂಗಡಿಗೆ ಎರಡೂವರೆ. ನಮ್ಮ ಕಟ್ಟಡದ ಲಿಫ್ಟಿಗೆ ಒಂದು. ತೆರಿಗೆ ಕಚೇರಿಗೆ ನಾಲ್ಕು. ಅಲ್ಲಿನ ಗುಮಾಸ್ತೆ ಫೋನ್ ಮೊದಲ ಸಲಕ್ಕೇ ಎತ್ತಿ, "ಸರ್, ನೀವು ಹೆಚ್ಚಿಗೆ ಕಟ್ಟಿದ್ದೀರಿ" ಎಂದಳು. ಸರ್ಕಾರದ ಬಾಯಲ್ಲಿ ಅಂಥ ಮಾತು! ಗಳಗಳ ಅತ್ತುಬಿಡುತ್ತಿದ್ದೆ.

ಮೌಲ್ಯಮಾಪಕ ಮಹಾಶಯ,
ಅಣ್ಣ

*

ಏಪ್ರಿಲ್ ೨

ಅಣ್ಣ,

ತೆರಿಗೆ ಕಚೇರಿಗೆ ನಾಲ್ಕು. ತಂಗಿಗೆ ಮೂರು.

ಇದನ್ನು ಓದಿ ನಮ್ಮನೆಯವರು ಊಟದ ತಟ್ಟೆ ಮುಂದೆ ಬಿದ್ದು ಬಿದ್ದು ನಕ್ಕರು. ನಾನು ನಗಬಾರದು ಅಂತ ಅಡುಗೆಮನೆಗೆ ಹೋದೆ. ಹೋಗಿ ಏನು ಮಾಡಿದೆ ಅಂತ ಹೇಳಲ್ಲ.

ಈಗ ನನ್ನ ಸುದ್ದಿ ಕೇಳು. ಹಳೇ ಕೋಟು ಹಿಡಿದುಕೊಂಡು ಒಬ್ಬರು ಹೆಂಗಸು ಬಂದರು. "ಬಲಗಾಲು ಒಂದೆಳೆ ಉದ್ದ ಆಗೋ ಅಂಗಡಿ ಇದೇನಾ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ಹೌದು, ನಿಮ್ಮ ಕೋಟಿಗೆ ಕಾಲಿದೆಯಾ?" ಅಂದೆ. ಅವರು ನಗುತ್ತಾ ಕೋಟು ಬಿಟ್ಟುಹೋದರು. ಒಬ್ಬರೇ. ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೀನಿ ಅಂದರೆ ಅಂಗಡಿಯಲ್ಲಿ ನನಗೆಷ್ಟು ಬಿಡುವು ಅಂತ ನೀನೇ ಲೆಕ್ಕ ಹಾಕು.

ಆಮೇಲೆ ಆ ಆಪ್ ಕಂಪನಿಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು.

"ಮೇಡಂ, ನಮ್ಮ ವಿಶೇಷ ಪ್ಯಾಕೇಜ್ ತಗೊಂಡ್ರೆ ನಿಮ್ಮ ಅಂಗಡಿ ಮೇಲೆ ಬರುತ್ತೆ, ಆ ವಿಮರ್ಶೆ ಕೆಳಗೆ ಹೋಗುತ್ತೆ."

"ಅಳಿಸಿಹೋಗುತ್ತಾ?"

"ಇಲ್ಲ ಮೇಡಂ, ಯಾರಿಗೂ ಕಾಣದಷ್ಟು ಕೆಳಗೆ ಹೋಗುತ್ತೆ. ತಿಂಗಳಿಗಿಷ್ಟು, ಅದರ ಮೇಲೆ ತೆರಿಗೆ ಬೇರೆ."

ತೆರೆಯ ಮೇಲೆ ಕಾಣೋಕೆ ತೆರಬೇಕು, ತೆತ್ತದ್ದಕ್ಕೆ ಮತ್ತೆ ತೆರಿಗೆ. ಇಂಥಾ ಮಾತು ನೀನಾಡೋದು. ನನ್ನ ಬಾಯಿಗೂ ಅಂಟಿತು ನೋಡು. ನಿನ್ನ ಬಾಯಿ ಮುಚ್ಚಿಸೋಕೆ ನಾನು ದುಡ್ಡು ಕೊಡಬೇಕಂತೆ, ಅಣ್ಣ! ಚಿಕ್ಕಂದಿನಲ್ಲಿ ಒಂದು ದಿಂಬಿನಲ್ಲೇ ಆ ಕೆಲಸ ಆಗುತ್ತಿತ್ತು.

ನಮ್ಮನೆಯವರು ಕಟ್ಟಿಬಿಡು ಅಂತಾರೆ. "ವ್ಯಾಪಾರ ಅಂದಮೇಲೆ ಬೋರ್ಡಿಗೂ ಖರ್ಚು ಮಾಡ್ತೀವಲ್ಲ, ಇದೂ ಹಾಗೇ ಅಂದ್ಕೋ" ಅಂತ ಅವರ ವಾದ. ಆ ಮಾತೂ ಸುಳ್ಳಲ್ಲ. ಈ ತಿಂಗಳು ಮುಗಿಯುವುದರೊಳಗೆ ತೀರ್ಮಾನ ಮಾಡುತ್ತೀನಿ.

ಸಿಟ್ಟು ಇಳಿದಿಲ್ಲ, ಸುಸ್ತಾಗಿದೆ, ಅಷ್ಟೆ.

ತಂಗಿ

*

ಏಪ್ರಿಲ್ ೧೫

ಗುಬ್ಬೀ,

ಕಟ್ಟಬೇಡ! ಕಟ್ಟಬೇಡ! ಕಟ್ಟೆ ಇರುವಾಗ ಕಟ್ಟುವುದೇಕೆ?

ನಿನ್ನೆ ಕಟ್ಟೆಯಲ್ಲಿ ನಿಜ ಹೇಳಿಬಿಟ್ಟೆ. ಆ ಅಂಗಡಿ ನನ್ನ ತಂಗಿಯದು, ನನ್ನ ಮೂರರಿಂದ ಅವಳು ಮೂಲೆ ಸೇರಿದ್ದಾಳೆ ಎಂದೆ. ತಕ್ಷಣ ತೂತುಜೇಬು ಬರೆದ: "ಸ್ವಂತ ತಂಗಿಗೆ ಮೂರಾ? ಮೇಷ್ಟ್ರೇ, ನೀವು ಮನುಷ್ಯರಾ, ಮಾಪಕರಾ?" ಆಮೇಲೆ, ಗುಬ್ಬಿ, ಜನ ನುಗ್ಗಿದರು! ಐದು ನಕ್ಷತ್ರ, ಐದು ನಕ್ಷತ್ರ, ಐದು ನಕ್ಷತ್ರ! 'ಇಂಥ ಹೊಲಿಗೆ ಕಂಡಿಲ್ಲ.' 'ಈ ಪ್ಯಾಂಟು ಹಾಕಿದ ಮೇಲೆ ನನ್ನ ಮಂಡಿನೋವು ಹೋಯಿತು.' 'ಮಾಲೀಕರು ಮಾತೃಸ್ವರೂಪಿ.' ನಿನ್ನನ್ನು ಬಲ್ಲ ನನಗೆ ಆ ಕೊನೆಯದನ್ನು ಓದಿ ಕಣ್ಣು ಕತ್ತಲೆ ಬಂತು.

"ಅಲ್ರಯ್ಯಾ, ನಿಮ್ಮಲ್ಲಿ ಯಾರಾದ್ರೂ ಆ ಅಂಗಡಿ ಮೆಟ್ಟಿಲು ಹತ್ತಿದ್ದೀರಾ?" ಎಂದು ಕೇಳಿದೆ. "ಹತ್ತಿಲ್ಲ ಮೇಷ್ಟ್ರೇ, ಮನಸಿಗೆ ಹತ್ತಿದೆ" ಎಂದರು. ಉತ್ತರ ಬರೆಯದ ಪತ್ರಿಕೆಗೆ ಪೂರ್ಣಾಂಕ! ಹಿಡಿದು ಬೈಯಬೇಕಿತ್ತು ನಾನು. ಬೈಯಲಿಲ್ಲ. ಪಟ್ಟಿಯಲ್ಲಿ ನಿನ್ನ ಅಂಗಡಿ ಏರುವುದನ್ನು ನೋಡುತ್ತಾ, ನೆಲಕ್ಕೆ ಕಾಲು ತಾಗದೆ ಮನೆಯೆಲ್ಲ ತಿರುಗಾಡಿದೆ.

ನೋಡಿದೆಯಾ? ನೋಡು! ಈಗಲೇ ತೆರೆದು ನೋಡು!

ಆನಂದತುಂದಿಲ,
ಅಣ್ಣ

*

ಏಪ್ರಿಲ್ ೨೧

ಅಣ್ಣ,

ನೋಡಿದೆ. ತೆರೆದರೆ ಅಂಗಡಿಯೇ ಇಲ್ಲ.

'ಅನುಮಾನಾಸ್ಪದ ಹೊಗಳಿಕೆಯ ಕಾರಣ ಈ ಪುಟವನ್ನು ತೆಗೆಯಲಾಗಿದೆ' ಅಂತಿದೆ. ಇಷ್ಟು ದಿನ ತಳದಲ್ಲಾದರೂ ಇದ್ದೆ. ಕೋಟಿನ ಹೆಂಗಸು ಕೋಟು ವಾಪಸ್ ತಗೊಳ್ಳುವಾಗ, "ಮೋಸದ ಅಂಗಡಿ ಅಂತ ಬಂತಲ್ಲಾ" ಅಂದರು. ದುಡ್ಡು ಕೊಟ್ಟರು, ಮುಖ ಕೊಡಲಿಲ್ಲ.

ನೀನು ಬೈದರೂ ತಾಳಿಕೊಂಡಿದ್ದೆ. ಹೊಗಳಿಸಿದ್ದು ತಾಳಲಾಗುತ್ತಿಲ್ಲ.

ಇನ್ನು ಸ್ವಲ್ಪ ದಿನ ಬರೆಯಬೇಡ.

*

ಮೇ ೧೮

ಪ್ರಿಯ ಗುಬ್ಬಿ,

ಬರೆಯಬೇಡ ಎಂದೆ ನೀನು. ಬರೆಯದೆ ಇದ್ದೆ. ಈ ಪೆನ್ನಿಗೆ ಇಷ್ಟು ಉಪವಾಸ ಹಿಂದೆಂದೂ ಆಗಿರಲಿಲ್ಲ.

ಕಂಪನಿಯ ಬಾಗಿಲು ಬಡಿಯುತ್ತಲೇ ಇದ್ದೆ. ಮೊದಲು ಯಂತ್ರ, ಆಮೇಲೆ ಸಂಗೀತ, ಮತ್ತೆ ಯಂತ್ರ. ಕೊನೆಗೊಮ್ಮೆ ಉಸಿರಾಡುವ ಹುಡುಗಿಯೊಬ್ಬಳು ಸಿಕ್ಕಳು.

"ನಂಗೂ ಗೊತ್ತು ಸರ್, ಅವರದೇನೂ ತಪ್ಪಿಲ್ಲ. ಆದ್ರೆ ಸಿಸ್ಟಂ ಒಪ್ತಿಲ್ಲ."

"ಸಿಸ್ಟಂ ಅಂದ್ರೆ ಯಾರಮ್ಮಾ? ಅವರಿಗೇ ಫೋನ್ ಕೊಡು, ನಾನು ಮಾತಾಡ್ತೀನಿ."

ಹುಡುಗಿ ನಕ್ಕುಬಿಟ್ಟಳು. ಪಾಪ, ನಕ್ಕದ್ದಕ್ಕೆ ಅವಳಿಗೆ ಎಷ್ಟು ನಕ್ಷತ್ರ ಕಳೆಯಿತೋ. ಅವಳು ಹೇಳಿದ್ದಿಷ್ಟು: ನಿನ್ನ ಪುಟದ ವಿಮರ್ಶೆಗಳನ್ನೆಲ್ಲ ಸಿಸ್ಟಂ ಸೋಸಿದೆ. ಐದುಗಳೆಲ್ಲ ಸುಳ್ಳು ಎಂದು ಕಸಕ್ಕೆ ಹೋಗಿವೆ. ಜರಡಿಯಲ್ಲಿ ಉಳಿದದ್ದು ಒಂದೇ ಒಂದು. 'ನಂಬಲರ್ಹ' ಎಂಬ ಮುದ್ರೆ ಬಿದ್ದಿರುವುದು ಅದೊಂದಕ್ಕೇ. ಯಾವುದೆಂದು ಹೇಳಬೇಕಿಲ್ಲ ತಾನೆ?

ಮುದ್ರೆ ಸಮೇತ ಅದರ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ಯಾಕೆಂದು ಕೇಳಬೇಡ. ಹರಿದುಹಾಕುವುದಾದರೆ ನಿನ್ನ ಕೈಯಿಂದಲೇ ಹರಿಯಲಿ ಎಂದು ಇರಬಹುದು. ಕಟ್ಟೆಯವರೂ ಮುಖ ಸಪ್ಪಗೆ ಮಾಡಿಕೊಂಡಿದ್ದಾರೆ. 'ಮಾತೃಸ್ವರೂಪಿ' ಬರೆದವಳು ಲೆಕ್ಕದಕ್ಕನಂತೆ, ಕ್ಷಮೆ ಕೇಳಿದ್ದಾಳೆ.

ನಿನ್ನ,
ಅಣ್ಣ

*

ಜೂನ್ ೨೬

ಅಣ್ಣ, ಅಣ್ಣ, ಅಣ್ಣ!

ಮಷಿನ್ ನಿಲ್ಲಿಸಿ ಬರೆಯುತ್ತಿದ್ದೀನಿ. ಹಿಂದೆ ಮೂವರು ಕೂತಿದ್ದಾರೆ, ಕುರ್ಚಿಯ ಮೇಲೆ! ಸಾಲದ್ದಕ್ಕೆ ಪೇಂಟ್ ಅಂಗಡಿಯಿಂದ ಇನ್ನೆರಡು ತಂದೆ.

ನೀನು ಕಳಿಸಿದ ಹಾಳೆಯನ್ನು ಹರಿಯೋಕೆ ಅಂತಲೇ ತೆಗೆದೆ. ಹರಿಯುವ ಮೊದಲು ಒಂದು ಸಲ ಓದಿದೆ. ಸಿಟ್ಟಿಲ್ಲದೆ ಓದಿದ್ದು ಅದೇ ಮೊದಲು. ಹೊಲಿಗೆ ಗಟ್ಟಿ, ಎಳೆದರೂ ಬಿಚ್ಚದು ಅಂತ ಬರೆದಿದ್ದೀಯಲ್ಲ, ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕತ್ತರಿ ಹಿಡಿದೇ ಬೆಳೆದವಳು ನಾನು, ಕತ್ತರಿಸುವ ಸಾಲುಗಳೇ ಕಂಡಿದ್ದವು.

ಫೋಟೋ ಅಂಗಡಿಗೆ ಕೊಟ್ಟು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಮೆಟ್ಟಿಲ ಬುಡದಲ್ಲಿ, ಹಲ್ಲಿನ ಡಾಕ್ಟರ ಬಾಗಿಲಿನ ಎದುರಿಗೆ ಅಂಟಿಸಿದೆ. ಕೆಳಗೆ ನನ್ನ ಕೈಬರಹದಲ್ಲಿ ಬರೆದೆ: 'ಬರೆದವರು ನನ್ನ ಅಣ್ಣ. ಇದಕ್ಕಿಂತ ಹೆಚ್ಚು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮೇಲೆ ಬಂದು ನೀವೇ ನೋಡಿ.'

ಹಲ್ಲುನೋವಿನವರು ಕಾಯುವಾಗ ಇನ್ನೇನು ಮಾಡ್ತಾರೆ? ಓದ್ತಾರೆ. ದವಡೆ ಹಿಡಿದುಕೊಂಡೇ ನಗ್ತಾರೆ. "ಬಾಯಿ ಅಗಲ ತೆರೀರಿ ಅನ್ನೋ ಕಷ್ಟ ನಂಗೆ ತಪ್ಪಿತು" ಅಂದರು ಡಾಕ್ಟರು. ಹಲ್ಲು ಕೀಳಿಸಿಕೊಂಡವರು ಪ್ಯಾಂಟಿನ ಜಿಪ್ ಹಾಕಿಸಿಕೊಳ್ಳೋಕೆ ಮೇಲೆ ಹತ್ತುತ್ತಾರೆ. ಪ್ರತಿಯೊಬ್ಬರೂ ಎರಡೂ ಕಾಲು ಜೋಡಿಸಿ ಅಳೆದು ನೋಡುತ್ತಾರೆ. ಸಮ ಬಂದರೆ ಗೆದ್ದವರ ಹಾಗೆ ನನ್ನ ಮುಖ ನೋಡುತ್ತಾರೆ! ಕೋಟಿನ ಹೆಂಗಸೂ ಬಂದಿದ್ದರು, ಎರಡು ಕೋಟು ಹಿಡಿದುಕೊಂಡು.

ಒಬ್ಬರಂತೂ, "ಮಾಲೀಕರು ಮಾತು ಮುಗಿಸೋಕೆ ಬಿಡಲ್ಲ ಅಂತ..." ಅಂದರು. "ಬಿಡಲ್ಲ. ಸೊಂಟದ ಅಳತೆ ಹೇಳಿ" ಅಂದೆ.

ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನು ಕೇಳುತ್ತಿದ್ದಾನೆ, ತನಗೂ ಒಂದು ವಿಮರ್ಶೆ ಬರೆಯುತ್ತೀಯಾ ಅಂತ. "ಚೆನ್ನಾಗಿ ಉಗೀಲಿ ಅಕ್ಕಾ, ಖರ್ಚು ನಂದು" ಅಂದ.

ಪ್ರಿಯ ಅಂತ ಮೇಲೆ ಬರೆಯೋಕೆ ಮರೆತೆ. ಇಲ್ಲಿ ಬರೆದಿದ್ದೀನಿ ಅಂದುಕೋ.

ಗುಬ್ಬಿ

*

ಜುಲೈ ೯

ಪ್ರಿಯ, ಅತಿಪ್ರಿಯ ಗುಬ್ಬಿ,

ನಿನ್ನ ಕಾಗದವನ್ನು ಕಟ್ಟೆಯಲ್ಲಿ ಓದಿ ಹೇಳಿದೆ. ತೂತುಜೇಬು ತನ್ನ ಹೆಸರನ್ನು ನಿನ್ನಿಂದಲೇ ಹೊಲಿಸಿಕೊಳ್ಳುತ್ತಾನಂತೆ. ಲೆಕ್ಕದಕ್ಕ ಈ ಸಲ ನಿಜಕ್ಕೂ ಮೆಟ್ಟಿಲು ಹತ್ತಿ, ಆಮೇಲೆ ಅಂಕ ಹಾಕುತ್ತಾಳಂತೆ. ನಾನು ಬೀಗದವನ ಬಗ್ಗೆ, ಪೇಂಟ್ ಅಂಗಡಿಯ ಬಗ್ಗೆ, ಹಲ್ಲಿನ ಡಾಕ್ಟರ ಬಗ್ಗೆ ಪ್ರಶ್ನೆಗಳನ್ನು ತಯಾರಿಸಿಕೊಂಡು ಕೂತಿದ್ದೇನೆ. ಹಲ್ಲೊಂದು ಅಲ್ಲಾಡುತ್ತಿದೆ, ವಿಮರ್ಶೆಗಾಗಿ ಅದನ್ನು ಉಳಿಸಿಕೊಂಡಿದ್ದೇನೆ.

ಇನ್ನೂ ಇದೆ! ಕಂಪನಿಯವರು ತಾವಾಗಿಯೇ ಫೋನ್ ಮಾಡಿದರು. ನಿನ್ನ ಅಂಗಡಿಯನ್ನು ಮರಳಿ ಪಟ್ಟಿಗೆ ಸೇರಿಸುತ್ತಾರಂತೆ. ನನಗೆ 'ಚಿನ್ನದ ವಿಮರ್ಶಕ' ಎಂಬ ಬಿರುದು, ತಿಂಗಳಿಗೆ ಸಂಭಾವನೆ. ಬಿರುದಿಗೆ ಒಂದೇ ಷರತ್ತು, ಪ್ಯಾಕೇಜ್ ತೆಗೆದುಕೊಂಡ ಅಂಗಡಿಗಳ ಬಗ್ಗೆ 'ಸ್ವಲ್ಪ ಮೃದುವಾಗಿ' ಬರೆಯಬೇಕು. ಮೆದುವಾದ ಚಿನ್ನ ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಾರೆ, ನಾನು ತಾಮ್ರವಾಗಿಯೇ ಇರುತ್ತೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬೇಡ ಎಂದೆ. ಅದು ಅರ್ಥವಾಯಿತು.

ಪಟ್ಟಿಗೆ ಮರಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕಟ್ಟೆಯಲ್ಲಿ ಅರ್ಧ ಜನ ಮರಳಬೇಡ ಎನ್ನುತ್ತಾರೆ. ನೀನೇನನ್ನುತ್ತೀಯ?

ತಾಮ್ರದ ತುಂಡು,
ಅಣ್ಣ

*

ಆಗಸ್ಟ್ ೩

ಪ್ರಿಯ ಅಣ್ಣ,

ಸೇರಿಸಿಕೊಳ್ಳಲಿ ಬಿಡು. ಪ್ಯಾಕೇಜು ಬೇಡ ಅಂದೆ, ಪಟ್ಟಿ ಬೇಡ ಅನ್ನಲಿಲ್ಲ. ಇನ್ನೊಂದು ಮೆಟ್ಟಿಲು ಅಂದುಕೊಂಡೆ. ಅಂಗಡಿ ನಡೆಸುವವರಿಗೆ ಕಟ್ಟೆಯವರಷ್ಟು ಸಿಟ್ಟು ಗಿಟ್ಟಲ್ಲ. ನನ್ನ ಜಗಳ ಆ ಆಪ್ ಜೊತೆ ಇರಲೇ ಇಲ್ಲ, ಅಣ್ಣ.

ಫ್ಯಾಕ್ಟರಿ ಮ್ಯಾನೇಜರಿಗೆ ಫೋನ್ ಮಾಡಿ, "ನನ್ನ ಜಾಗ ಬೇರೆಯವರಿಗೆ ಕೊಡಿ ಸರ್" ಅಂದೆ. ಹೇಳಿ ಮುಗಿಸಿ, ಖಾಲಿ ಅಂಗಡಿಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ. ಯಾರೂ ನೋಡಲಿಲ್ಲ, ಕನ್ನಡಿ ಬಿಟ್ಟು.

ಎರಡನೇ ಮಷಿನ್ ಬಂತು. ಫ್ಯಾಕ್ಟರಿಯಲ್ಲಿ ನನ್ನ ಎದುರು ಸಾಲಿನಲ್ಲಿ ಹೊಲಿಯುತ್ತಿದ್ದವಳನ್ನು ಕರೆದುಕೊಂಡೆ. ಮೊದಲ ದಿನ ಒಂದು ಕಾಲರ್ ತಿರುಗಿಸಿ ಹೊಲಿದು ತಂದು ಮುಂದಿಟ್ಟಳು. ನೋಡಿದೆ. ಹುಡುಕಿದರೂ ಒಂದು ತಪ್ಪಿಲ್ಲ. ಮುಖ ನೋಡುತ್ತಾ ನಿಂತಿದ್ದಳು. ನನ್ನ ಬಾಯಿಂದ ಏನು ಬಂತು ಗೊತ್ತಾ? "ಹ್ಞೂಂ, ಪರವಾಗಿಲ್ಲ."

ಅವಳು ಕಾಲರ್ ತಗೊಂಡು ಹೋಗಿ ಇಸ್ತ್ರಿ ಹಾಕತೊಡಗಿದಳು. ಆ ಬೆನ್ನು ನೋಡಿದೆ. ಆ ಬೆನ್ನು ನನಗೆ ಚಿಕ್ಕಂದಿನಿಂದ ಗೊತ್ತು, ಅಣ್ಣ. ಯಾರದು ಅಂತ ಬರೆಯಲ್ಲ.

ಎದ್ದು ಹೋಗಿ ಹೇಳಿದೆ. "ನೋಡು, ಚೆನ್ನಾಗಿದೆ ಕಣೇ. ತುಂಬಾ ಚೆನ್ನಾಗಿದೆ. ನಾನಾಗಿದ್ದರೂ ಇಷ್ಟು ಚೆನ್ನಾಗಿ ಹೊಲೀತಿರಲಿಲ್ಲ."

ಹೇಳೋಕೆ ಅಂಥಾ ಕಷ್ಟವೇನೂ ಆಗಲಿಲ್ಲ. ಮೊದಲ ಮಾತು ಸೂಜಿಗೆ ನೂಲು ಪೋಣಿಸಿದ ಹಾಗೆ, ಅಷ್ಟೇ. ಆಮೇಲೆ ಸಲೀಸು. ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದವಳು ಸುಮಾರು ಹೊತ್ತು ನಗುತ್ತಲೇ ಇದ್ದಳು. ಇಬ್ಬರೂ ನಗುತ್ತಿದ್ದೆವು.

ಇದನ್ನು ನಿನಗೆ ಯಾಕೆ ಬರೆದೆ ಅಂತ ಗೊತ್ತಿಲ್ಲ. ಹೊರಗೆ ಗಿರಾಕಿ ಕರೆಯುತ್ತಿದ್ದಾರೆ.

ಗುಬ್ಬಿ

*

ಆಗಸ್ಟ್ ೮

ಗುಬ್ಬಿ,

ಕಾಗದ ಬಂತು. ಉತ್ತರ ಬರೆಯಲು ಕೂತೆ. ಹಾಳೆ ತುಂಬ ಚೇಷ್ಟೆಯ ಮಾತೇ ಬಂತು, ಹರಿದೆ. ಇನ್ನೊಂದು ಹಾಳೆ ತೆಗೆದೆ. ಅದರಲ್ಲೂ ಅದೇ. ಬೇಕಾದ ಮಾತು ಪೆನ್ನಿಗೆ ಇಳಿಯುತ್ತಿಲ್ಲ. ಕಾಗದದಲ್ಲಿ ಇದು ಆಗದ ಕೆಲಸ. ಬಾಯಲ್ಲೇ ಹೇಳಬೇಕು, ನಿನ್ನೆದುರು ನಿಂತು.

ಚೀಲ ತುಂಬಿಯಾಯಿತು. ಈ ಕಾರ್ಡನ್ನು ಬಸ್ ನಿಲ್ದಾಣದ ಪೆಟ್ಟಿಗೆಗೆ ಹಾಕಿ ಹಾಗೇ ಬಸ್ಸು ಹತ್ತುತ್ತೇನೆ. ಕಾರ್ಡು ತಲುಪುವ ಹೊತ್ತಿಗೆ ನಾನು ಬಂದು, ಮೆಟ್ಟಿಲು ಹತ್ತಿ, ಹೇಳಿ ಆಗಿರುತ್ತದೆ. ಆದ್ದರಿಂದ ಇದನ್ನು ಓದುವಾಗ ನಾನು ಏನು ಹೇಳಿದೆ, ಹೇಗೆ ಹೇಳಿದೆ ಎಂಬುದು ನಿನಗೆ ಗೊತ್ತಿರುತ್ತದೆ.

ನನಗಿನ್ನೂ ಗೊತ್ತಿಲ್ಲ.

ಅಣ್ಣ